ಹತ್ತು ಯೆನ್ನಿಗೆ ಸಿಗುತ್ತಿದ್ದ ಜಪಾನಿನ ಬಾಲ್ಯದ ತಿಂಡಿಗಳು

ಜಪಾನಿನ ಹಿರಿಯರು ಇಂದಿಗೂ ನೆನೆದುಕೊಳ್ಳುವ ಬಾಲ್ಯದ ಅಂಗಡಿ ತಿಂಡಿಗಳು ಯಾವುವು, ಅವು ಈಗಲೂ ಸಿಗುತ್ತವೆಯೇ ಎಂದು ನೀವು ಕೇಳಿದ್ದೀರಿ. ಟೋಕಿಯೋದಲ್ಲಿ ಕೆಲವು ವರ್ಷಗಳಿಂದ ನೆಲೆಸಿರುವ ನಾನು ಕೊಂಡು ತಿಂದು ತಿಳಿದುಕೊಂಡಷ್ಟನ್ನು ಬರೆಯುತ್ತೇನೆ.

ಅವುಗಳಿಗೆ ಇಲ್ಲಿ ‘ದಗಾಶಿ’ ಎನ್ನುತ್ತಾರೆ. ಬಿಳಿ ಸಕ್ಕರೆ ದುಬಾರಿಯಾಗಿದ್ದ ಎದೋ ಕಾಲದಲ್ಲಿ (17ರಿಂದ 19ನೆಯ ಶತಮಾನದವರೆಗೆ) ಉಳ್ಳವರ ಮಿಠಾಯಿಯಿಂದ ಬೇರ್ಪಡಿಸಿ, ಕರಿಸಕ್ಕರೆಯಿಂದಲೂ ಅಗ್ಗದ ಧಾನ್ಯಗಳಿಂದಲೂ ಮಾಡಿದ ತಿಂಡಿಯನ್ನು ಹೀಗೆ ಕರೆದರು. ‘ದ’ ಎಂದರೆ ಕೀಳುದರ್ಜೆಯದು ಎಂದೇ ಅರ್ಥ. ಗೋಧಿಯ ಅಂಟನ್ನು ಉಬ್ಬಿಸಿ ಸುಟ್ಟು, ಕರಿಸಕ್ಕರೆ ಬಳಿದ ‘ಫುಗಾಶಿ’ಯನ್ನು ಬಾಯಿಗಿಟ್ಟಾಗ ನನಗೆ ಮೊದಲು ನೆನಪಾದದ್ದು ನಮ್ಮ ಬೆಲ್ಲ.

ಆದರೆ ಈ ತಿಂಡಿಗಳ ನೆನಪಿನಲ್ಲಿ ರುಚಿಗಿಂತ ಬೆಲೆಗೇ ಹೆಚ್ಚಿನ ಪಾಲಿದೆ ಎಂಬುದು ನನ್ನ ಎಣಿಕೆ. ಮುಷ್ಟಿಯಲ್ಲಿ ಒಂದು ನಾಣ್ಯ ಹಿಡಿದು ಬಂದ ಮಗು, ಯಾವ ಹಿರಿಯರನ್ನೂ ಕೇಳದೆ, ಇದನ್ನು ಕೊಂಡರೆ ಅದು ತಪ್ಪುತ್ತದೆ ಎಂದು ಲೆಕ್ಕ ಹಾಕುತ್ತ ನಿಲ್ಲಬಹುದಾಗಿದ್ದ ಜಾಗ ದಗಾಶಿ ಅಂಗಡಿಯೊಂದೇ. 1979ರಲ್ಲಿ ಬಂದ ‘ಉಮಾಯ್ಬೊ’ ಎಂಬ ಮೆಕ್ಕೆಜೋಳದ ಕುರುಕಲು ಕಡ್ಡಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ 10 ಯೆನ್ನಿಗೇ ಸಿಗುತ್ತಿತ್ತು. ಮೆಕ್ಕೆಜೋಳದ ಬೆಲೆಯೂ ಸಾಗಣೆ ವೆಚ್ಚವೂ ಏರಿದ ಕಾರಣ 2022ರ ಏಪ್ರಿಲ್‌ನಲ್ಲಿ ಅದು 12 ಯೆನ್ ಆದಾಗ ಸುದ್ದಿವಾಹಿನಿಗಳೂ ಅದನ್ನು ವರದಿ ಮಾಡಿದವು. ಎರಡೇ ಯೆನ್ ಹೆಚ್ಚಳ ಎನ್ನಬೇಡಿ: 10 ಯೆನ್ನಿನ ಒಂದು ನಾಣ್ಯಕ್ಕೆ ಒಂದು ಕಡ್ಡಿ ಎಂಬ ಮಕ್ಕಳ ಗಣಿತ ಅಂದಿಗೆ ಮುಗಿಯಿತು. ಈಗ ಅದಕ್ಕೆ 15 ಯೆನ್.

1959ರ ‘ಬೇಬಿ ಸ್ಟಾರ್’ ಹುಟ್ಟಿದ್ದು ಮಿತವ್ಯಯದಿಂದ. ಮಿಯೆ ಪ್ರಾಂತ್ಯದ ನೂಡಲ್ಸ್ ಕಾರ್ಖಾನೆಯಲ್ಲಿ ಮುರಿದು ಉದುರುತ್ತಿದ್ದ ಎಳೆಗಳನ್ನು ಎಸೆಯಲು ಮನಸ್ಸಾಗದೆ ಮಸಾಲೆ ಹಾಕಿ ಮಾರಾಟಕ್ಕಿಟ್ಟರು. ‘ರಾಮುನೆ’ಯ ಬಗ್ಗೆ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ, ಅದು ನಮ್ಮ ಗೋಲಿ ಸೋಡಾ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ರೂಪಿಸಿದ ಅದೇ ಗೋಲಿ ಬಾಟಲಿ ಎರಡೂ ಕಡೆಯ ಮಕ್ಕಳ ಕೈ ಸೇರಿತು.

ಇನ್ನು ಸಿಗುತ್ತವೆಯೇ ಎಂಬ ಪ್ರಶ್ನೆ. ‘ಕಾರ್ಲ್’ ಎಂಬ ಚೀಸ್ ಕುರುಕಲು 2017ರಿಂದ ಪಶ್ಚಿಮ ಜಪಾನಿನಲ್ಲಿ ಮಾತ್ರ ಮಾರಾಟವಾಗುತ್ತಿದೆ. ಕೆಂಪು ಡಬ್ಬಿಯ ಸಕುಮಾ ಹಣ್ಣಿನ ಪೆಪ್ಪರಮೆಂಟು ತಯಾರಿಸುತ್ತಿದ್ದ ಸಂಸ್ಥೆ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಹಸಿರು ಡಬ್ಬಿಯದು ಬೇರೆ ಸಂಸ್ಥೆಯದಾದ್ದರಿಂದ ಉಳಿದುಕೊಂಡಿದೆ. ಉಳಿದವು ಸೂಪರ್ ಮಾರ್ಕೆಟ್‌ಗಳಲ್ಲಿಯೂ ಸಿಗುತ್ತವೆ, ಆದರೆ ಹಾಗೆ ಕೊಳ್ಳಬೇಡಿ. ಟೋಕಿಯೋ ಬಳಿಯ ಕವಾಗೋಯೆ ಪಟ್ಟಣದ ಮಿಠಾಯಿ ಓಣಿಗೆ ಹೋಗಿ; ಅದಕ್ಕೆ ಸಮಯವಿಲ್ಲದಿದ್ದರೆ ಟೋಕಿಯೋದ ಝೋಶಿಗಾಯದಲ್ಲಿರುವ ಕಿಶಿಮೋಜಿನ್ ದೇವಾಲಯದ ಅಂಗಳಕ್ಕಾದರೂ ಹೋಗಿ. ಭಾರತದಿಂದ ಬೌದ್ಧಧರ್ಮದೊಡನೆ ಬಂದ, ಮಕ್ಕಳನ್ನು ಕಾಯುವ ಹಾರೀತಿಯೇ ಅಲ್ಲಿಯ ದೇವತೆ. ಅವಳ ಅಂಗಳದಲ್ಲಿ 1781ರಿಂದಲೂ ಒಂದು ದಗಾಶಿ ಅಂಗಡಿಯಿದೆ. ಹೋಗುವಾಗ ಚಿಲ್ಲರೆ ಇಟ್ಟುಕೊಂಡಿರಿ.