ಹಾವು ಹಿಡಿಯುವ ಅಣ್ಣ, ಟಾರ್ಚ್ ಹಿಡಿಯುವ ತಮ್ಮ

ಪ್ರಶ್ನೆ: ನನಗೆ 21 ವರ್ಷ. ಸಕಲೇಶಪುರದ ಹತ್ತಿರದ ಹಳ್ಳಿ, ಡಿಗ್ರಿ ಮುಗಿದಿದೆ. ನಮ್ಮ ಕಡೆ ಹಾವು ಹಿಡಿಯುವ ಅಣ್ಣ ಒಬ್ಬರಿದ್ದಾರೆ. ಊರಿಗೆಲ್ಲ ಅವರೇ ಹೀರೋ. ಚಿಕ್ಕವನಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಅವರು ನಾಗರಹಾವು ಹಿಡಿದದ್ದು ನೋಡಿ, ನಾನೂ ಹೀಗೇ ಆಗಬೇಕು ಅಂದುಕೊಂಡಿದ್ದೆ. ಈ ಮಳೆಗಾಲದಿಂದ ಅವರ ಜೊತೆ ಹೋಗುತ್ತಿದ್ದೇನೆ. ಟಾರ್ಚ್ ಹಿಡಿಯುವುದು, ಚೀಲದ ಬಾಯಿ ಕಟ್ಟುವುದು, ಜನರನ್ನು ಹಿಂದೆ ಸರಿಸುವುದು, ವಿಡಿಯೋ ತೆಗೆಯುವುದು ನನ್ನ ಕೆಲಸ. ಗೆಳೆಯರು ‘ಬ್ಯಾಟ್‌ಮನ್ ಪಕ್ಕದ ರಾಬಿನ್’ ಅಂತ ರೇಗಿಸುತ್ತಾರೆ. ಹೋದ ವಾರ ಅಣ್ಣ ಒಂದು ನಾಗರಹಾವು ಹಿಡಿದು, ‘ಹುಕ್ (ಹಾವು ಎತ್ತುವ ಕೊಕ್ಕೆ ಕೋಲು) ಬೇಡ, ಬಾಲ ಹಿಡ್ಕೊಂಡು ಕ್ಯಾಮೆರಾ ನೋಡು. ಹೆದರೋದಾದ್ರೆ ನಾಳೆಯಿಂದ ಬರಬೇಡ’ ಅಂದರು. ನಾನು ಹಿಂದೆ ಸರಿದೆ. ಎಲ್ಲರೂ ನಕ್ಕರು. ಅವರಿಗೆ ಎರಡು ಸಲ ಕಚ್ಚಿದೆಯಂತೆ, ನಾಟಿ ಔಷಧಿಯಲ್ಲೇ ವಾಸಿಯಾಯಿತಂತೆ. ಮನೆಯಲ್ಲಿ ಕಂಪ್ಯೂಟರ್ ಕ್ಲಾಸ್ ಅಂತ ಸುಳ್ಳು ಹೇಳಿ ಬರುತ್ತಿದ್ದೇನೆ. ನಾನು ಹೇಡಿನಾ? ಬಿಟ್ಟುಬಿಡಲಾ?

ಉತ್ತರ: ನೀವು ಹಿಂದೆ ಸರಿದಿರಲ್ಲ, ತುಂಬಾ ಒಳ್ಳೆಯದಾಯಿತು. ಅವತ್ತು ಅಲ್ಲಿದ್ದವರಲ್ಲಿ ಹಾವನ್ನು ಹಾವು ಅಂತ ನೋಡಿದವರು ನೀವೊಬ್ಬರೇ ಅನ್ನಿಸುತ್ತದೆ. ಹೇಡಿತನದ ಮಾತು ಇಲ್ಲಿ ಬರುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ಎರಡು ಬೇಜಾರು ಸೇರಿಕೊಂಡಿವೆ. ಒಂದು, ನನಗಿನ್ನೂ ಟಾರ್ಚೇ ಗತಿಯಾಯಿತಲ್ಲ ಅನ್ನುವುದು. ಇನ್ನೊಂದು, ಅಣ್ಣ ಹೇಳಿದ್ದು ಸರಿಯಿಲ್ಲ ಅಂತ ಮನಸ್ಸು ಹೇಳುತ್ತಿರುವುದು. ಮೊದಲನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ಎರಡನೆಯದಕ್ಕೆ ತಾಳ್ಮೆ ಬೇಡವೇ ಬೇಡ.

ಟಾರ್ಚ್ ಹಿಡಿಯುವವನ ಕೆಲಸ ಸಣ್ಣದಲ್ಲ ತಮ್ಮಾ. ಸೌದೆ ರಾಶಿ ಹತ್ತಿರ ರಾತ್ರಿ ಹಾವು ಹುಡುಕುವಾಗ ಹಿಡಿಯುವವರ ಕಣ್ಣು ಹಾವಿನ ತಲೆಯ ಮೇಲಿರುತ್ತದೆ. ಅದು ಯಾವ ಸಂದಿಗೆ ನುಗ್ಗಬಹುದು, ಅವರ ಹಿಂದೆ ಯಾವ ಮಗು ಬಂದು ನಿಂತಿದೆ, ಕಾಲಿಗೆ ಏನು ಎಡವಬಹುದು ಅಂತ ನೋಡುವವರು ನೀವು. ಬೆಳಕು ಒಂದು ಕ್ಷಣ ಅಲುಗಾಡಿದರೆ ಅವರ ಕೈ ತಪ್ಪುತ್ತದೆ. ಇನ್ನೊಂದು ಮಳೆಗಾಲ ಇದನ್ನೇ ಮಾಡಿದರೂ ನಷ್ಟವೇನಿಲ್ಲ. ಹಾವು ಹೆಡೆ ಬಿಚ್ಚುವ ಮೊದಲು ಮೈ ಹೇಗೆ ಎಳೆದುಕೊಳ್ಳುತ್ತದೆ, ಕೊಳಕುಮಂಡಲ ಬುಸುಗುಡುವಾಗ ಎಷ್ಟು ದೂರ ನಿಲ್ಲಬೇಕು ಅನ್ನುವುದೆಲ್ಲ ಹೀಗೆ ನೋಡುತ್ತಾ ನೋಡುತ್ತಾ ಬರುವ ವಿದ್ಯೆ. ಗೆಳೆಯರು ರಾಬಿನ್ ಅಂದರೆ ಅನ್ನಲಿ ಬಿಡಿ. ಕಾಮಿಕ್ಸ್‌ನಲ್ಲಿ ಬ್ಯಾಟ್‌ಮನ್‌ನ ಸಹಾಯಕನಾಗಿ ಆ ರಾಬಿನ್ ಮೊದಲು ಕಾಣಿಸಿಕೊಂಡದ್ದು 1940ರಲ್ಲಿ. ಅವನು ಬೆಳೆದು ನೈಟ್‌ವಿಂಗ್ ಅನ್ನುವ ತನ್ನದೇ ಹೆಸರು ಇಟ್ಟುಕೊಂಡದ್ದು 1984ರಲ್ಲಿ. ನೀವು ಅಷ್ಟೊಂದು ಕಾಯಬೇಕಿಲ್ಲ.

ಈಗ ಆ ಬಾಲದ ವಿಷಯಕ್ಕೆ ಬರೋಣ. ನನಗೆ ನಿಜವಾಗಿ ಭಯವಾಗಿದ್ದು ಅಲ್ಲಿ.

ಸರಿಯಾಗಿ ಹಾವು ಹಿಡಿಯುವವರು ಈಗ ಚೀಲದ ಬಾಯಿಗೆ ಒಂದು ಪೈಪ್ ಸಿಕ್ಕಿಸಿ, ಅದನ್ನು ಗೋಡೆ ಬದಿಗೆ ಇಡುತ್ತಾರೆ. ಹುಕ್ಕಿನಿಂದ ಹಾವನ್ನು ಮೆಲ್ಲಗೆ ಆ ಕಡೆ ತಿರುಗಿಸುತ್ತಾರೆ. ಹೆದರಿದ ಹಾವಿಗೆ ಬೇಕಿರುವುದು ಕತ್ತಲೆಯ ಬಿಲ. ಅದು ತಾನಾಗಿಯೇ ಒಳಗೆ ಹೋಗುತ್ತದೆ. ಕೈ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ನೋಡುವವರಿಗೆ ಇದರಲ್ಲಿ ಮಜಾ ಇಲ್ಲ, ಅದಕ್ಕೇ ವಿಡಿಯೋದಲ್ಲಿ ಇದು ಜಾಸ್ತಿ ಕಾಣುವುದಿಲ್ಲ. ಚೀಲಕ್ಕೆ ಹೋಗಬೇಕಾದ ಹಾವನ್ನು ಫೋಟೋಗೆ ಅಂತ ಹೊರಗೇ ಇಟ್ಟುಕೊಂಡರೆ ರಕ್ಷಣೆ ಅನ್ನುವ ಮಾತೇ ಮುಗಿಯಿತು. 2023ರಲ್ಲಿ ಪಕ್ಕದ ಚಿಕ್ಕಮಗಳೂರಿನಲ್ಲೇ, ವರ್ಷಗಟ್ಟಲೆ ಹಾವು ಹಿಡಿದು ಊರಿಗೆಲ್ಲ ಬೇಕಾಗಿದ್ದ ಒಬ್ಬರು ನಾಗರಹಾವು ಕಚ್ಚಿ ತೀರಿಕೊಂಡರು. ಅನುಭವ ಇದ್ದವರ ಕಥೆಯೇ ಹೀಗೆ. ನೀವು ಇನ್ನೂ ಹುಕ್ ಹಿಡಿಯುವುದನ್ನೇ ಕಲಿಯಬೇಕು.

ನಾಟಿ ಔಷಧಿಯ ಮಾತನ್ನು ದಯವಿಟ್ಟು ನಂಬಬೇಡಿ. ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಡಬೇಕು ಅಂತೇನಿಲ್ಲ. ಕೆಲವು ಸಲ ಬರೀ ಹಲ್ಲು ತಾಗಿರುತ್ತದೆ. ಅಂಥ ಕಡಿತ ಯಾವ ಸೊಪ್ಪು ಹಚ್ಚಿದರೂ, ಏನೂ ಹಚ್ಚದಿದ್ದರೂ ವಾಸಿಯಾಗುತ್ತದೆ. ಅಣ್ಣನಿಗೆ ಹಾಗೇ ಆಗಿರಬಹುದು. ಮೂರನೇ ಸಲವೂ ಹಾಗೇ ಆಗುತ್ತದೆ ಅಂತ ಯಾರು ಹೇಳಬಲ್ಲರು? ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿರುವುದು. ನಿಮ್ಮ ಕಡೆಯ ಕಾಳಿಂಗಕ್ಕೆ, ಕಾಫಿ ತೋಟದ ತರಗೆಲೆಯಲ್ಲಿ ಬಿದ್ದುಕೊಂಡಿರುವ ಗುಳಿಮಂಡಲಕ್ಕೆ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಕಚ್ಚಿದರೆ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ಕೈದಾರ ಬಿಚ್ಚಿ, ಕೈಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಈ ವಾರವೇ ಒಮ್ಮೆ ಹೋಗಿ, ಈ ಚುಚ್ಚುಮದ್ದು ಎಷ್ಟಿದೆ, ರಾತ್ರಿ ಯಾರಿರುತ್ತಾರೆ, ಹಾಸನಕ್ಕೆ ಕಳಿಸಬೇಕಾದರೆ ಆಂಬುಲೆನ್ಸ್ ಹೇಗೆ ಅಂತ ಕೇಳಿಕೊಂಡು ಬನ್ನಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ವಿಷಯ ಅಷ್ಟು ಗಂಭೀರವಾದದ್ದು.

ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ನಾಗರಹಾವು ಮೊದಲನೇ ಪಟ್ಟಿಯಲ್ಲಿದೆ, ಅಂದರೆ ಹುಲಿ, ಆನೆ ಇರುವ ಪಟ್ಟಿ. ಆ ಹಾವನ್ನು ಬಾಲ ಹಿಡಿದು ನೇತಾಡಿಸುವ ವಿಡಿಯೋದಲ್ಲಿ ಮುಖ ಕಾಣುವುದು ನಿಮ್ಮದು. ನಾಳೆ ಕೇಸ್ ಆದರೆ ಅದೇ ಸಾಕ್ಷಿ.

ಹಾಗಂತ ಅಣ್ಣನನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ನಡುರಾತ್ರಿ ಫೋನ್ ಬಂದರೂ ಮಳೆಯಲ್ಲಿ ಬೈಕ್ ಹತ್ತಿ ಹೋಗುವವರು ಅವರು. ಅವರು ಬರದಿದ್ದರೆ ಎಷ್ಟೋ ಹಾವು ದೊಣ್ಣೆ ಏಟಿಗೆ ಸಾಯುತ್ತಿದ್ದವು. ಜನರ ಚಪ್ಪಾಳೆ ಅವರನ್ನು ಸ್ವಲ್ಪ ದಾರಿ ತಪ್ಪಿಸಿದೆ, ಅಷ್ಟೇ. ನಿಮಗೆ ಅವರ ಮೇಲೆ ಪ್ರೀತಿ ಇರುವುದರಿಂದಲೇ ನೀವು ಮಾತಾಡಬೇಕು. ಹತ್ತು ಜನರ ಎದುರಿಗೆ ಬೇಡ, ಹಾವು ಕೈಯಲ್ಲಿರುವಾಗಂತೂ ಬೇಡವೇ ಬೇಡ. ಬೆಳಿಗ್ಗೆ ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ನೇರವಾಗಿ ಹೇಳಿ: ‘ಅಣ್ಣಾ, ನಿಮ್ಮಿಂದ ಕಲಿಯೋಕೆ ಬಂದಿದ್ದೀನಿ. ಹುಕ್ ಹಿಡಿಯೋದು, ಪೈಪ್ ಇಡೋದು ಹೇಳಿಕೊಡಿ. ಹಾವು ಕೈಲಿ ಹಿಡಿದು ವಿಡಿಯೋಗೆ ನಿಲ್ಲಲ್ಲ, ನಿಮ್ಮದೂ ಹಂಗೆ ತೆಗೆಯಲ್ಲ. ನಿಮಗೇನಾದ್ರೂ ಆದ್ರೆ ಅತ್ತಿಗೆ ಮುಖ ನಾನು ಹೇಗೆ ನೋಡಲಿ?’ ದನಿ ಏರಿಸಬೇಡಿ, ಕ್ಷಮೆಯನ್ನೂ ಕೇಳಬೇಡಿ.

ಅವರು ಮುನಿಸಿಕೊಳ್ಳಬಹುದು. ಎರಡು ವಾರ ಕರೆಯದೇ ಇರಬಹುದು. ಸುಮ್ನೆ ಇರಿ. ಕರೆದು ಹುಕ್ ಕೈಗೆ ಕೊಟ್ಟರೆ ಖುಷಿಯಿಂದ ಹೋಗಿ. ಮತ್ತೆ ಬಾಲವನ್ನೇ ಕೊಟ್ಟರೆ ನಮಸ್ಕಾರ ಹೇಳಿ ಬನ್ನಿ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ, ಹಾವು ರಕ್ಷಣೆ ಕಲಿಯುವ ಆಸೆ ಇದೆ, ತರಬೇತಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಅಲ್ಲಿಯವರೆಗೆ ಒಬ್ಬರೇ ಹಾವು ಹಿಡಿಯಲು ಹೋಗಬೇಡಿ. ಪಕ್ಕದ ಮನೆಯವರು ಕೂಗಿದರೂ ಅಷ್ಟೇ. ದೂರದಿಂದ ಹಾವಿನ ಮೇಲೆ ಕಣ್ಣಿಟ್ಟು, ಜನರನ್ನು ಸರಿಸಿ, ಗೊತ್ತಿರುವವರಿಗೆ ಫೋನ್ ಮಾಡಿ. ಅದನ್ನು ನೀವು ಈಗಾಗಲೇ ಚೆನ್ನಾಗಿ ಮಾಡುತ್ತೀರಿ.

ಅಮ್ಮನಿಗೆ ಇವತ್ತು ರಾತ್ರಿಯೇ ಹೇಳಿ. ಬೈಯುತ್ತಾರೆ, ಅಳಲೂಬಹುದು. ಆದರೆ ಮಗ ಎಲ್ಲಿ, ಯಾರ ಜೊತೆ ಇದ್ದಾನೆ ಅನ್ನುವುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಹೆಚ್ಚುಕಮ್ಮಿ ಆದರೆ ಕಂಪ್ಯೂಟರ್ ಕ್ಲಾಸಿಗೆ ಫೋನ್ ಮಾಡಿ ಅವರು ನಿಮ್ಮನ್ನು ಹುಡುಕುವ ಹಾಗೆ ಆಗಬಾರದು ಅಲ್ವಾ? ಆಸ್ಪತ್ರೆಯಲ್ಲಿ ಏನೇನು ವಿಚಾರಿಸಿದಿರಿ, ಅಣ್ಣನಿಗೆ ಏನು ಹೇಳಲಿದ್ದೀರಿ ಅನ್ನುವುದನ್ನೂ ಅವರಿಗೆ ತಿಳಿಸಿ. ಅಣ್ಣ ಏನಂದರು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.