ಎಲ್ಲಿ ಅಳೆಯುವುದು ಅಂತ ಬಿಡಿ, ಎಷ್ಟು ಗಂಟೆಗೆ ಅಂತ ಕೇಳಿ

ಊರಿನ ಹೊಗೆ ಕಡಲಿನ ಮೇಲೆ ಹೋಗುತ್ತದಾ ಎಂದು ತಿಳಿಯಲು ಧೂಳಿನ ಮಾಪಕವನ್ನು ನಮ್ಮ ಕಾಸರಗೋಡು ಕಡಲಕರೆಯ ಬೇಕಲದಲ್ಲಿ ಇಡುವುದಾ, ಕುಂಬಳೆಯಲ್ಲಿ ಇಡುವುದಾ ಎಂದು ಕೇಳಿದ್ದೀರಿ. ಎಲ್ಲಿಟ್ಟರೂ ಒಂದೇ. ಇದೇ ಪ್ರಾಜೆಕ್ಟ್ ಮಾಡಿ ಕೈ ಸುಟ್ಟುಕೊಂಡವನು ನಾನು.

ಬಿ.ಎಸ್ಸಿ. ಕೊನೆಯ ವರ್ಷದ ಜನವರಿ. ಕ್ಲಾಸು ಮುಗಿಸಿ ಮಧ್ಯಾಹ್ನದ ಮೇಲೆ ಕುಂಬಳೆಯ ಕಡಲಕರೆಗೆ ಹೋಗಿ ಧೂಳು ಅಳೆಯುತ್ತಿದ್ದೆ. ಯಾವಾಗ ನೋಡಿದರೂ ಪೇಟೆಗಿಂತ ಕಡಿಮೆ. ‘ಹೊಗೆ ಕಡಲು ಮುಟ್ಟುವುದಿಲ್ಲ’ ಎಂದು ಧೈರ್ಯವಾಗಿ ಬರೆದುಬಿಟ್ಟೆ. ವೈವಾಕ್ಕೆ ಬಂದ ಮಾಷ್ಟ್ರು ಕೇಳಿದ್ದು ಒಂದೇ: “ಎಷ್ಟು ಗಂಟೆಗೆ ಅಳೆದದ್ದು?” ಮಾರ್ಕು ಅಲ್ಲೇ ಹೋಯಿತು.

ನೋಡಿ, ಮಧ್ಯಾಹ್ನ ನೆಲ ಕಾಯುತ್ತದೆ. ಅದರ ಮೇಲಿನ ಗಾಳಿ ಏಳುತ್ತದೆ. ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಅಂದರೆ ನಾನು ಅಳೆದದ್ದು ಕಡಲಿನಿಂದ ಬರುವ ಗಾಳಿ. ಕಡಲಿಗೆ ಹೋಗುವ ಹೊಗೆ ನನ್ನ ತಲೆಯ ಮೇಲೆ ಎತ್ತರದಲ್ಲಿತ್ತು! ಮೇಲೆದ್ದ ಗಾಳಿ ಲಾರಿ ಹೊಗೆ, ಒಲೆ ಹೊಗೆ, ತೋಟದ ಸುಡುಮಣ್ಣಿನ ಹೊಗೆ ಎಲ್ಲವನ್ನೂ ಒಂದೆರಡು ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಕಡಲಗಾಳಿ ಅದರ ಅಡಿಗೆ ನುಸುಳುತ್ತದೆ, ಅಷ್ಟೇ. ರಾತ್ರಿ ನೆಲ ತಣ್ಣಗಾದರೂ ಮೇಲಿನ ಹೊಗೆಯ ಪದರ ಹಾಗೇ ಉಳಿಯುತ್ತದೆ. ಚಳಿಗಾಲದ ಈಶಾನ್ಯ ಗಾಳಿ ಅದನ್ನು ಅರಬ್ಬಿ ಕಡಲಿನ ಮೇಲಕ್ಕೆ ತಳ್ಳುತ್ತದೆ. ಕೆಳಗೆ ರಾತ್ರಿಯಿಂದ ಬೆಳಗಿನವರೆಗೆ ನೆಲದ ಗಾಳಿಯೂ ಕಡಲಿಗೇ ಬೀಸುತ್ತದೆ. ನಾನು ಆಗ ಮಲಗಿರುತ್ತಿದ್ದೆ.

ಇದು ನಮ್ಮ ಕಡಲಕರೆಯ ಸುದ್ದಿ ಮಾತ್ರ ಅಲ್ಲ. 1999ರ ಜನವರಿಯಿಂದ ಮಾರ್ಚ್‌ವರೆಗೆ ವಿ. ರಾಮನಾಥನ್, ಪೌಲ್ ಕ್ರುಟ್ಸೆನ್ ಮುಂತಾದ ವಾತಾವರಣ ವಿಜ್ಞಾನಿಗಳು ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಅಳೆಯಲು ‘ಇಂಡೋಎಕ್ಸ್’ ಎಂಬ ಅಧ್ಯಯನ ನಡೆಸಿದರು. ವಿಮಾನ, ಹಡಗುಗಳು, ಮಾಲ್ದೀವ್ಸ್‌ನ ಕಾಶಿದೂ ದ್ವೀಪದಲ್ಲೊಂದು ಕೇಂದ್ರ. ಭಾರತದ ಸಂಶೋಧನಾ ಹಡಗು ‘ಸಾಗರ ಕನ್ಯಾ’ ಕೂಡ ಇತ್ತು. ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಕಂದು ಮಬ್ಬು ಸುಮಾರು 3 ಕಿಲೋಮೀಟರ್ ಎತ್ತರದವರೆಗೆ ಕವಿದಿತ್ತು. ಆ ತಿಂಗಳುಗಳಲ್ಲಿ ಮಳೆ ಇಲ್ಲ, ಹಾಗಾಗಿ ಮಸಿ ತೊಳೆದುಹೋಗದೆ ದಿನಗಟ್ಟಲೆ ತೇಲುತ್ತದೆ. ಸಮಭಾಜಕದ ಆಚೆ ಮಳೆಮೋಡಗಳ ಪಟ್ಟಿ ಸಿಗುವವರೆಗೆ ಅದಕ್ಕೆ ತಡೆಯೇ ಇಲ್ಲ.

ಬೇಕಲವೋ ಕುಂಬಳೆಯೋ ಎನ್ನುವ ಚರ್ಚೆ ಸುಮ್ನೆ. ಯಾವುದು ಮನೆಗೆ ಹತ್ತಿರವೋ ಅಲ್ಲಿಗೆ ಹೋಗಿ, ಆದರೆ ಬೆಳಕು ಹರಿಯುವ ಮೊದಲೇ ಹೋಗಿ. ಮಧ್ಯಾಹ್ನವೂ ಅಳೆಯಿರಿ. ಗಾಳಿ ಯಾವ ಕಡೆಯಿಂದ ಎಂದು ಪ್ರತಿ ಸಲ ಬರೆದಿಡಿ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿ. ಜೂನ್ ಬಂದರೆ ಗಾಳಿ ತಿರುಗುತ್ತದೆ, ಮಳೆ ಎಲ್ಲ ತೊಳೆಯುತ್ತದೆ. ಮೇಲಿನ ಪದರ ಮಾತ್ರ ಕರೆಯಲ್ಲಿ ನಿಂತು ಸಿಗುವುದಿಲ್ಲ. ಅದಕ್ಕೆ ನಾಸಾದ ‘ವರ್ಲ್ಡ್‌ವ್ಯೂ’ ತಾಣದಲ್ಲಿ ಉಪಗ್ರಹ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅದೇ ದಿನದ್ದನ್ನು ಪಕ್ಕಕ್ಕಿಟ್ಟು ನೋಡಿ. ಮತ್ತೆ, ಅಗ್ಗದ ಮಾಪಕವಾದರೆ ಗಾಳಿಯ ತೇವವನ್ನೂ ಬರೆದಿಡಿ. ಒದ್ದೆಯಾಗಿ ಉಬ್ಬಿದ ಉಪ್ಪಿನ ಕಣವನ್ನೂ ಅದು ಹೊಗೆಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ.