ಮಸ್ಕತ್ ಬಿಟ್ಟು ಬರುವ ವಿಷಯ ಮಗಳಿಗೆ ಈಗಲೇ ಹೇಳಬೇಕಾ?

ಹೇಳಿ. ಇವತ್ತೇ ಹೇಳಿ. "ರಜೆಗೆ ಅಂತ ಕರೆತಂದು ಊರಲ್ಲಿ ನಿಧಾನವಾಗಿ ಹೇಳೋಣ, ಎಂಟು ವರ್ಷದ ಮಗು, ಬೇಗ ಮರೆಯುತ್ತೆ" ಅಂತ ಬರೆದಿದ್ದೀರಲ್ಲ, 2003ರಲ್ಲಿ ನನ್ನ ಅಪ್ಪನೂ ಇದೇ ಲೆಕ್ಕ ಹಾಕಿದ್ದರು.

ನಾವಿದ್ದದ್ದು ಮಸ್ಕತ್‌ನ ರೂವಿಯಲ್ಲಿ. ನಾನಾಗ ನಾಲ್ಕನೇ ಕ್ಲಾಸು. ಅಲ್ಲಿನ ಇಂಡಿಯನ್ ಸ್ಕೂಲುಗಳಿಗೆ ಜೂನಿನಲ್ಲಿ ರಜೆ ಅಲ್ವಾ, ಎಂದಿನಂತೆ ಅಜ್ಜಿ ಮನೆಗೆ ಹೊರಟಿದ್ದೇವೆ ಅಂದುಕೊಂಡೆ. ಸೈಕಲ್ಲು ಬಾಲ್ಕನಿಯಲ್ಲೇ ಬಿಟ್ಟೆ. ಪಕ್ಕದ ಫ್ಲ್ಯಾಟಿನ ಗೆಳತಿಯ ಕಥೆಪುಸ್ತಕ ನನ್ನ ಹತ್ತಿರ ಇತ್ತು, ಬಂದ ಮೇಲೆ ಕೊಡ್ತೀನಿ ಅಂದೆ. ಮುಂಬೈ ದಾರಿಯಾಗಿ ಉಡುಪಿಗೆ ಬಂದೆವು. "ಮನೆಯಲ್ಲಿ ಸುಮ್ನೆ ಕೂತು ಏನು ಮಾಡ್ತೀ" ಅಂತ ಶಾಲೆಗೆ ಸೇರಿಸಿದರು. ಆಗಸ್ಟಿಗೆ ವಾಪಸ್ ಹೋಗುವವಳಿಗೆ ಕನ್ನಡ ಅಕ್ಷರ ಯಾಕೆ ಅಂತ ನಾನು ಸ್ಲೇಟು ಮುಟ್ಟಲಿಲ್ಲ. ಒಂದು ದಿನ ಹಡಗಿನ ಕಾರ್ಗೋ ಮನೆಗೆ ಬಂತು. ಬಿಚ್ಚಿದರೆ ಒಳಗೆ ನನ್ನ ಸೈಕಲ್ಲು.

ಅಪ್ಪನ ಕಷ್ಟ ಈಗ ಅರ್ಥವಾಗುತ್ತೆ. ಕಂಪನಿ ಕೆಲಸದಿಂದ ತೆಗೆದಿತ್ತು, ವೀಸಾ ಕ್ಯಾನ್ಸಲ್ ಆಗುವುದರಲ್ಲಿತ್ತು, ಅದರ ಮೇಲೆ ನನ್ನ ಅಳು ಬೇರೆ ಬೇಡ ಅನಿಸಿರಬೇಕು. ಆದರೆ ಅಲ್ಲೇ ಹೇಳಿದ್ದರೆ ಅಲ್ಲೇ ಅತ್ತು, ಪುಸ್ತಕ ಕೊಟ್ಟು, ಗೆಳತಿಯ ವಿಳಾಸ ಬರೆದುಕೊಂಡು ಬರುತ್ತಿದ್ದೆ. ಊರಲ್ಲಿ ಗೊತ್ತಾದಾಗ ಅಳುವಿನ ಜೊತೆ ಸಿಟ್ಟೂ ಬಂತು. ಅಮ್ಮನಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು! ಆಮೇಲೆ ಅಪ್ಪ "ಮಂಗಳೂರಿಗೆ ಹೋಗಿ ಸಂಜೆ ಬರೋಣ" ಅಂದರೂ ನಂಬುತ್ತಿರಲಿಲ್ಲ. ಸ್ಕೂಲ್ ಬ್ಯಾಗು ಹಿಡಿದುಕೊಂಡೇ ಹೊರಡುತ್ತಿದ್ದೆ. ಇದು ಹೈಸ್ಕೂಲು ಮುಟ್ಟುವವರೆಗೂ ಹೋಗಲಿಲ್ಲ.

ಇನ್ನು "ಮರೆಯುತ್ತಾಳೆ" ಅನ್ನೋ ಮಾತು. ಮರೆಯಲ್ಲ. ಏನನ್ನು ನೆನಪಿಟ್ಟುಕೊಳ್ಳುತ್ತಾಳೆ ಅಂತ ನಿಮಗೆ ಗೊತ್ತೂ ಆಗಲ್ಲ. ಗ್ರ್ಯಾಂಡ್ ಮಸೀದಿ, ಕಡಲ ದಂಡೆಯ ಮತ್ರಾ ಕಾರ್ನಿಶ್ ರಸ್ತೆ, ಎಲ್ಲಾ ಕಡೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದಿದ್ದರು. ಆ ಜಾಗಗಳು ನನಗೆ ಫೋಟೋದಲ್ಲಿ ಮಾತ್ರ ಇವೆ. ನೆನಪಿರೋದು ಚಿಪ್ಸ್ ಒಮಾನ್ ಅನ್ನೋ ಅಲ್ಲಿನ ಆಲೂ ಚಿಪ್ಸ್ ಪುಡಿ ಮಾಡಿ ಸುತ್ತಿದ ಪರೋಟಾ. ಕಾಫಿ ಶಾಪ್ ಮುಂದೆ ಅಪ್ಪ ಹಾರ್ನ್ ಹೊಡೆದರೆ ಕಾರಿನ ಹತ್ತಿರಕ್ಕೇ ಚಹಾ ತರುತ್ತಿದ್ದ ಮಲಯಾಳಿ ಚೇಟ. ಶುಕ್ರವಾರದ ರಜೆ. ಉಡುಪಿಗೆ ಬಂದ ಮೇಲೂ ಶುಕ್ರವಾರ ನನ್ನನ್ನು ಎಬ್ಬಿಸುವುದು ಅಮ್ಮನಿಗೆ ದೊಡ್ಡ ಯುದ್ಧ. ಮಸ್ಕತ್‌ನಲ್ಲಿ ಮಳೆ ಬಂದರೆ ಜನ ಕಾರು ಹತ್ತಿ ವಾದಿಯಲ್ಲಿ, ಅಂದರೆ ಒಣಗಿ ಬಿದ್ದಿರುವ ಹೊಳೆಯಲ್ಲಿ, ನೀರು ಹರಿಯುವುದನ್ನು ನೋಡಲು ಹೋಗುತ್ತಿದ್ದರು. ಉಡುಪಿಯಲ್ಲಿ ದಿನವಿಡೀ ಸುರಿದರೂ ಯಾರೂ ಹೊರಡದ್ದು ನೋಡಿ ನನಗೆ ಆಶ್ಚರ್ಯ!

ಹಾಗಾಗಿ ಕೊನೆಯ ವಾರ ಎಲ್ಲಿಗೆ ಹೋಗಬೇಕು, ಯಾರನ್ನು ನೋಡಬೇಕು ಅಂತ ಅವಳನ್ನೇ ಕೇಳಿ. ಪೆಟ್ರೋಲ್ ಬಂಕ್ ಅಂದರೂ ಕರೆದುಕೊಂಡು ಹೋಗಿ. ಸಿಬಿಎಸ್‌ಇನಾ ಸ್ಟೇಟಾ ಅಂತಲೂ ಕೇಳಿದ್ದೀರಿ. ಅದು ನಿಮ್ಮ ಇಷ್ಟ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡ ಅಕ್ಷರ ಮಾತ್ರ ಮಸ್ಕತ್‌ನಲ್ಲೇ ಶುರು ಮಾಡಿಸಿ, ಯಾಕೆ ಕಲಿಯಬೇಕು ಅನ್ನೋದನ್ನೂ ಹೇಳಿ.